ಅಂಚಿನ ಲೆಕ್ಕ

ಡಾಕ್ಟರುಗಳಲ್ಲಿ ಎರಡು ಜಾತಿ. ರೋಗಿಯ ಕೈಗೆ ಅಂಕಿ ಕೊಡುವವರದು ಒಂದು, ವಿಶೇಷಣ ಕೊಡುವವರದು ಇನ್ನೊಂದು. ಸಕ್ಕರೆ ಕಾಯಿಲೆ ನೋಡುವವರು 180 ಎನ್ನುತ್ತಾರೆ, ರಕ್ತದೊತ್ತಡ ನೋಡುವವರು 160ಕ್ಕೆ 100 ಎನ್ನುತ್ತಾರೆ. ರೋಗಿ ಆ ಅಂಕಿಯನ್ನು ಕಿಸೆಯಲ್ಲಿಟ್ಟುಕೊಂಡು ಊರಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿ, ಮುಂದಿನ ತಿಂಗಳು ಅದು ಹತ್ತು ಇಳಿದರೆ ಹಬ್ಬ ಮಾಡುತ್ತಾನೆ. ನಾನು ಎರಡನೆಯ ಜಾತಿಯವನು. ಪೆಥಾಲಜಿಸ್ಟ್ ಎಂದರೆ ರೋಗಿಯ ಮುಖವನ್ನು ನೋಡದೆ ಅವನ ಮೈಯ ಒಂದು ಚೂರನ್ನು ಮಾತ್ರ ನೋಡುವ ಆಸಾಮಿ. ಮೂವತ್ತೊಂದು ವರ್ಷ ನಾನು ಮೈಕ್ರೊಸ್ಕೋಪಿನ ಕೆಳಗೆ ಗಾಜಿನ ಪಟ್ಟಿ ಇಟ್ಟು ಬರೆದ ವರದಿಗಳನ್ನೆಲ್ಲ ಕುಟ್ಟಿ ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಮೂರೇ ಪದ: ಸೌಮ್ಯ, ಮಧ್ಯಮ, ತೀವ್ರ. ಇವನ್ನು ಯಾರೂ ಕಿಸೆಯಲ್ಲಿಟ್ಟುಕೊಂಡು ಹೋಗಲಾರರು. "ಮಧ್ಯಮ ಅಂದ್ರೆ ಎಷ್ಟು ಡಾಕ್ಟ್ರೇ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಹಾಗೆ ನೋಡಿದರೆ ಈ ವಿಶೇಷಣದ ವಿದ್ಯೆ ನನಗೆ ಮೆಡಿಕಲ್ ಕಾಲೇಜಿಗಿಂತ ಮೊದಲೇ ಗೊತ್ತಿತ್ತು. ನಮ್ಮದು ಸಿದ್ದಾಪುರ ತಾಲೂಕಿನ ಅಡಿಕೆ ತೋಟದ ಮನೆ. ಅಪ್ಪ ವರ್ಷಕ್ಕೊಮ್ಮೆ ಚೀಲ ಹೇರಿಕೊಂಡು ಶಿರಸಿಯ ಪೇಟೆಗೆ ಹೋಗುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಅಡಿಕೆಗೆ ಎಷ್ಟೊಂದು ಹೆಸರು! ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ. ವ್ಯಾಪಾರಿ ಚೀಲದೊಳಗೆ ಕೈಹಾಕಿ ಒಂದು ಮುಷ್ಟಿ ತೆಗೆದು, ಬೊಗಸೆಯಲ್ಲಿ ಕುಲುಕಿ ಸದ್ದು ಕೇಳಿ, ಒಂದೆರಡನ್ನು ಕತ್ತರಿಸಿ ಒಳಗಿನ ಗೆರೆ ನೋಡಿ ದರ ಬರೆಯುತ್ತಿದ್ದ. ಅಳತೆಯ ಉಪಕರಣ ಎಂಬುದೇ ಇಲ್ಲ. ಕಣ್ಣು, ಕಿವಿ, ಬೆರಳು. ಅದೇ ಚೀಲಕ್ಕೆ ಪಕ್ಕದವನು ಬೇರೆ ದರ ಬರೆಯುತ್ತಿದ್ದ. ಅಪ್ಪ ಅದನ್ನು ಮೋಸ ಎನ್ನುತ್ತಿರಲಿಲ್ಲ. "ಅವನ ಕಣ್ಣು ಬೇರೆ, ಇವನ ಕಣ್ಣು ಬೇರೆ" ಎನ್ನುತ್ತಿದ್ದ. ಮುಂದೆ ನಮ್ಮ ವಿಭಾಗದಲ್ಲಿ ಒಂದೇ ಸ್ಲೈಡಿಗೆ ಇಬ್ಬರು ಹಿರಿಯರು ಬೇರೆ ಬೇರೆ ದರ್ಜೆ ಬರೆದಾಗ ನನಗೆ ಶಿರಸಿಯ ಪೇಟೆ ನೆನಪಾಗುತ್ತಿತ್ತು. ವ್ಯತ್ಯಾಸ ಇಷ್ಟೇ: ಅಲ್ಲಿ ಕ್ವಿಂಟಲಿಗೆ ಐನೂರು ರೂಪಾಯಿ ಆಚೀಚೆ ಆಗುತ್ತಿತ್ತು. ಇಲ್ಲಿ ಆಚೀಚೆ ಆಗುವುದು ಒಬ್ಬನ ದವಡೆ.

ಬಾಯಿಯ ಒಳಪೊರೆಯ ಸ್ಲೈಡು ನೋಡಲು ಬಲು ಚೆಂದ. ಹೆಮಟಾಕ್ಸಿಲಿನ್ ಎಂಬ ಬಣ್ಣ ಜೀವಕೋಶಗಳ ಬೀಜಕ್ಕೆ ನೀಲಿ ಹಚ್ಚುತ್ತದೆ, ಇಯೋಸಿನ್ ಉಳಿದದ್ದಕ್ಕೆ ಗುಲಾಬಿ. (ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ತೆಗೆಯುವ ಬಣ್ಣ. ಇಷ್ಟೆಲ್ಲ ಮುಂದುವರಿದ ವೈದ್ಯವಿಜ್ಞಾನ ಇಂದಿಗೂ ಒಂದು ಮರದ ಚಕ್ಕೆಯನ್ನು ನಂಬಿಕೊಂಡಿದೆ ಎಂಬುದು ತೋಟದ ಮನೆಯವನಾದ ನನಗೆ ಗುಟ್ಟಾಗಿ ಖುಷಿ ಕೊಡುವ ಸಂಗತಿ.) ಮೇಲೆ ಇಟ್ಟಿಗೆ ಜೋಡಿಸಿದಂತೆ ಹೊರಪದರದ ಜೀವಕೋಶಗಳು, ಕೆಳಗೆ ನಾರುನಾರಾದ ತಳದ ಅಂಗಾಂಶ. ಇವೆರಡರ ನಡುವೆ ಒಂದು ಗಡಿ. ಆ ಗಡಿ ನೇರ ಗೆರೆಯಲ್ಲ. ಹೊರಪದರ ಅಲ್ಲಲ್ಲಿ ಬೆರಳಿನಂತೆ ಕೆಳಗೆ ಇಳಿದಿರುತ್ತದೆ, ತಳದ ಅಂಗಾಂಶ ಅಲ್ಲಲ್ಲಿ ಮೇಲೆ ಏರಿರುತ್ತದೆ. ಎರಡು ಕೈಗಳ ಬೆರಳು ಹೆಣೆದಂತೆ. ಆರೋಗ್ಯವಂತರಲ್ಲಿ ಈ ಹೆಣಿಗೆ ಶಾಂತವಾಗಿರುತ್ತದೆ. ಪೊರೆ ಕೆಡಲು ತೊಡಗಿದಾಗ ಬೆರಳುಗಳು ಉಬ್ಬುತ್ತವೆ, ಕವಲೊಡೆಯುತ್ತವೆ, ತುದಿಯಲ್ಲಿ ಹನಿಯಂತೆ ದಪ್ಪವಾಗುತ್ತವೆ. ಕ್ಯಾನ್ಸರ್ ಆದಾಗ ಗಡಿಯನ್ನು ದಾಟಿ ಚಿಕ್ಕ ಚಿಕ್ಕ ದ್ವೀಪಗಳಾಗಿ ಕೆಳಗೆ ನುಗ್ಗುತ್ತವೆ. ನುರಿತ ಕಣ್ಣಿಗೆ ಇದು ಒಂದು ನೋಟಕ್ಕೇ ಹೊಳೆಯುತ್ತದೆ. ಆದರೆ ಆ ಹೊಳೆದದ್ದನ್ನು ಅಂಕಿಯಲ್ಲಿ ಹೇಳು ಎಂದರೆ ಬಾಯಿ ಕಟ್ಟುತ್ತದೆ. ಗಡಿ ಎಷ್ಟು ಅಂಕುಡೊಂಕು? "ತುಂಬಾ." ತುಂಬಾ ಎಂದರೆ?

ಅಂಕುಡೊಂಕನ್ನು ಅಳೆಯುವ ಲೆಕ್ಕ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಯುದ್ಧದ ಚಿಂತೆಯಲ್ಲಿ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಕ್ವೇಕರ್ ಪಂಥದವನು, ಯುದ್ಧವಿರೋಧಿ. ಮೊದಲನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಲ್ಲದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದವನು. ದೇಶಗಳು ಯಾಕೆ ಹೊಡೆದಾಡುತ್ತವೆ ಎಂಬುದಕ್ಕೆ ಗಣಿತ ಹುಡುಕುತ್ತ, ಇಬ್ಬರ ನಡುವಿನ ಗಡಿ ಉದ್ದವಿದ್ದಷ್ಟೂ ಜಗಳ ಹೆಚ್ಚೇ ಎಂದು ನೋಡಲು ಹೊರಟ. ಗಡಿಗಳ ಉದ್ದಕ್ಕಾಗಿ ಪುಸ್ತಕ ತೆರೆದರೆ ವಿಚಿತ್ರ: ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿಯ ಉದ್ದ ಒಂದು ಕಡೆ 987 ಕಿಲೋಮೀಟರು, ಇನ್ನೊಂದು ಕಡೆ 1214. ಯಾರೂ ಸುಳ್ಳು ಹೇಳಿರಲಿಲ್ಲ. ಗಡಿಯನ್ನು ಉದ್ದನೆಯ ಕೋಲಿನಿಂದ ಅಳೆದರೆ ಸಣ್ಣ ತಿರುವುಗಳು ತಪ್ಪಿಹೋಗುತ್ತವೆ. ಕೋಲು ಚಿಕ್ಕದಾದಷ್ಟೂ ಉದ್ದ ಬೆಳೆಯುತ್ತದೆ. ರಿಚರ್ಡ್‌ಸನ್ 1953ರಲ್ಲಿ ತೀರಿಕೊಂಡ; ಈ ಬರಹ ಅಚ್ಚಾದದ್ದು 1961ರಲ್ಲಿ. ಅದನ್ನು ಎತ್ತಿಕೊಂಡವನು ಬೆನ್ವಾ ಮ್ಯಾಂಡೆಲ್‌ಬ್ರೋ. 1967ರಲ್ಲಿ ಆತ 'ಸೈನ್ಸ್' ಪತ್ರಿಕೆಯಲ್ಲಿ ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಕೇಳಿ, ಆ ಪ್ರಶ್ನೆಗೆ ಉತ್ತರವೇ ಇಲ್ಲ ಎಂದು ತೋರಿಸಿದ. ಉದ್ದವನ್ನು ಬಿಡಿ, ಕೋಲು ಚಿಕ್ಕದಾದಂತೆ ಉದ್ದ ಎಷ್ಟು ಚುರುಕಾಗಿ ಬೆಳೆಯುತ್ತದೆ ಎಂಬುದನ್ನು ಹಿಡಿಯಿರಿ ಎಂದ. ಬ್ರಿಟನ್ನಿನ ಪಶ್ಚಿಮ ಕರಾವಳಿಗೆ ಆ ಲೆಕ್ಕ 1.25 ಬಂತು. ಗೆರೆಗೆ ಒಂದು ಆಯಾಮ, ಹಾಳೆಗೆ ಎರಡು ಎಂದು ನಾವು ಶಾಲೆಯಲ್ಲಿ ಕಲಿತದ್ದು. ಇದು ಒಂದೂಕಾಲು! ಗೆರೆಗಿಂತ ಹೆಚ್ಚು, ಹಾಳೆಗಿಂತ ಕಡಿಮೆ. 1975ರಲ್ಲಿ ಆತ ಇಂಥ ಆಕಾರಗಳಿಗೆ ಫ್ರ್ಯಾಕ್ಟಲ್ ಎಂದು ಹೆಸರಿಟ್ಟ.

ಇದು ದೂರದ ಮಾತು ಎನಿಸಿದರೆ ನಮ್ಮ ದೇಶದ ಲೆಕ್ಕವನ್ನೇ ನೋಡಿ. ಭಾರತದ ಕರಾವಳಿ 7516 ಕಿಲೋಮೀಟರು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೆವು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆವು. 2024ರ ಕೊನೆಗೆ ಕೇಂದ್ರ ಗೃಹ ಇಲಾಖೆಯ ವರದಿಯಲ್ಲಿ ಅದು 11,098 ಕಿಲೋಮೀಟರು ಆಯಿತು. ಗುಜರಾತಿನದು 1214 ಇದ್ದದ್ದು 2340 ಆಗಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸಮುದ್ರ ಬೆಳೆದಿಲ್ಲ, ನಾವು ಯಾರ ನೆಲವನ್ನೂ ಗೆದ್ದಿಲ್ಲ. ಮೊದಲು ಒಂದಕ್ಕೆ 45 ಲಕ್ಷದ ಪ್ರಮಾಣದ ನಕ್ಷೆಯಲ್ಲಿ ಅಳೆದಿದ್ದರು, ಈಗ ಒಂದಕ್ಕೆ ಎರಡೂವರೆ ಲಕ್ಷದ ನಕ್ಷೆಯಲ್ಲಿ. ನಮ್ಮ ಘಟ್ಟದ ಕೆಳಗೆ ಅಘನಾಶಿನಿ ಸಮುದ್ರ ಸೇರುವ ಜಾಗದಲ್ಲಿ ನಿಂತು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಅಲ್ಲಿ ಅಳಿವೆ, ಅಳಿವೆಯೊಳಗೆ ಕೋಡಿ, ಕೋಡಿಯ ದಂಡೆಯಲ್ಲಿ ಗಜನಿ ಗದ್ದೆಯ ಕಟ್ಟೆ, ಕಟ್ಟೆಯ ಬುಡದಲ್ಲಿ ಏಡಿಯ ಬಿಲ. ಕೋಲು ಯಾವುದು ಎಂದು ಹೇಳದೆ ಉದ್ದ ಕೇಳುವುದೇ ತಪ್ಪು.

ಸ್ಲೈಡಿನ ಗಡಿಗೆ ಈ ಲೆಕ್ಕವನ್ನು ಹಚ್ಚುವ ಬಗೆ ಬಹಳ ಸರಳ, ಎಂಟನೆಯ ಇಯತ್ತೆಯ ಹುಡುಗಿಯೂ ಮಾಡಬಹುದು. ಗಡಿಯನ್ನು ಹಾಳೆಯ ಮೇಲೆ ಕಪ್ಪು ಗೆರೆಯಾಗಿ ಬರೆದುಕೊಳ್ಳಿ. ಅದರ ಮೇಲೆ ದೊಡ್ಡ ಚೌಕಗಳ ಜಾಲರಿ ಇಟ್ಟು, ಗೆರೆ ಹಾದುಹೋಗುವ ಚೌಕಗಳು ಎಷ್ಟು ಎಂದು ಎಣಿಸಿ. ಈಗ ಚೌಕದ ಬದಿಯನ್ನು ಅರ್ಧ ಮಾಡಿ ಮತ್ತೆ ಎಣಿಸಿ. ಗೆರೆ ನೇರವಾಗಿದ್ದರೆ ಚೌಕಗಳ ಸಂಖ್ಯೆ ಎರಡು ಪಟ್ಟಾಗುತ್ತದೆ. ಗೆರೆಯ ಬದಲು ಇಡೀ ಹಾಳೆಗೆ ಮಸಿ ಬಳಿದಿದ್ದರೆ ನಾಲ್ಕು ಪಟ್ಟು. ಅಂಕುಡೊಂಕು ಗೆರೆಯಾದರೆ ಎರಡಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ. ಸುಮಾರು 2.4 ಪಟ್ಟು ಬಂದರೆ ಆಯಾಮ 1.26. ಮತ್ತೆ ಅರ್ಧ, ಮತ್ತೆ ಅರ್ಧ, ಹೀಗೆ ಎಣಿಸಿ ಲಾಗರಿದಮ್ಮಿನ ಗ್ರಾಫಿನಲ್ಲಿ ಚುಕ್ಕಿ ಇಟ್ಟರೆ ಅವು ಒಂದು ಓರೆ ಗೆರೆಯ ಮೇಲೆ ಕೂರುತ್ತವೆ. ಆ ಗೆರೆಯ ಇಳಿಜಾರೇ ಉತ್ತರ. ಸ್ವೀಡನ್ನಿನ ಫಾನ್ ಕಾಕ್ 1904ರಲ್ಲಿ ಬರೆದ ಹಿಮದ ಹಳಕಿನಂಥ ಗೆರೆಗೂ ಇದೇ 1.26. ಮೊದಲ ಸಲ ನಾನು ಇದನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಎಣಿಸಿದ್ದು. ನಮ್ಮವಳು ಬಂದು, "ಚುಕ್ಕಿ ರಂಗೋಲಿ ಕಲಿಯಲಿಕ್ಕೆ ಹೊರಟಿದ್ದೀರೋ?" ಎಂದು ಕೇಳಿದಳು. ಉತ್ತರ ಕೊಡಲಿಲ್ಲ, ಎಣಿಕೆ ತಪ್ಪಿಹೋಗುತ್ತಿತ್ತು.

ನಮ್ಮ ಶಾಸ್ತ್ರದಲ್ಲಿ ಇದನ್ನು ಮೊದಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬಲ್ ಒಬ್ಬ. ಶ್ವಾಸಕೋಶವನ್ನು ಅಳೆದ ಮಹಾನುಭಾವ. ಗಂಟಲಿನಿಂದ ಇಳಿದ ಕೊಳವೆ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆದು ಗಾಳಿಗೂಡುಗಳನ್ನು ಮುಟ್ಟುತ್ತದೆ ಎಂದು 1963ರಲ್ಲೇ ಲೆಕ್ಕ ಕೊಟ್ಟವನು. ಯಕೃತ್ತಿನ ಜೀವಕೋಶದೊಳಗಿನ ಪೊರೆಗಳ ವಿಸ್ತೀರ್ಣ ಎಷ್ಟು ಎಂಬ ವಿಷಯದಲ್ಲಿ ಲ್ಯಾಬುಗಳ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 1981ರಲ್ಲಿ ವೈಬಲ್ ಮತ್ತು ಸಂಗಡಿಗರು ಇದರ ಗುಟ್ಟು ಬಿಡಿಸಿದರು. ಒಂದು ಲ್ಯಾಬು ಹೆಚ್ಚು ದೊಡ್ಡದು ಮಾಡಿ ನೋಡಿದೆ, ಇನ್ನೊಂದು ಕಡಿಮೆ. ವರ್ಧನೆ ಹೆಚ್ಚಿದಂತೆ ಹೊಸ ಮಡಿಕೆಗಳು ಕಾಣಿಸಿ ವಿಸ್ತೀರ್ಣ ಬೆಳೆಯುತ್ತದೆ. ಸ್ಪೇನ್-ಪೋರ್ಚುಗಲ್ ಗಡಿ ತಗಾದೆ ಯಕೃತ್ತಿನೊಳಗೂ ಇತ್ತು ಎಂದಾಯಿತು. ಆಮೇಲೆ ಕಣ್ಣಿನ ಪರದೆಯ ರಕ್ತನಾಳಗಳನ್ನು ಅಳೆದು 1.7ರ ಸುಮಾರಿಗೆ ಬರುತ್ತದೆ ಎಂದರು, ನರಕೋಶಗಳ ಕವಲುಗಳನ್ನು ಅಳೆದರು. ಅವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು 1993ರ ಒಂದು ಲೇಖನ. ಲ್ಯಾಂಡಿನಿ ಮತ್ತು ರಿಪ್ಪಿನ್ ಎಂಬ ಇಬ್ಬರು ಬಾಯಿಯ ತಳದ ಹೊರಪದರಕ್ಕೂ ತಳದ ಅಂಗಾಂಶಕ್ಕೂ ನಡುವಿನ ಅದೇ ಗಡಿಯನ್ನು, ನಾನು ದಿನಾ ನೋಡುವ ಗಡಿಯನ್ನು, ಈ ಲೆಕ್ಕದಲ್ಲಿ ಅಳೆದಿದ್ದರು. ಕ್ಯಾನ್ಸರಿನಲ್ಲಿ ಆಯಾಮ ಏರುತ್ತದೆ ಎಂದಿದ್ದರು. "ತುಂಬಾ" ಎಂಬ ನನ್ನ ಪದಕ್ಕೆ ಕೊನೆಗೂ ಒಂದು ಅಂಕಿ!

ಲೇಖನ ಓದಿದ್ದಕ್ಕೂ ಕೈಯಾರೆ ಮಾಡಿದ್ದಕ್ಕೂ ನಡುವೆ ಬಹಳ ವರ್ಷ ಕಳೆಯಿತು. ಮೈಕ್ರೊಸ್ಕೋಪಿಗೆ ಕೆಮರಾ ಬೇಕು, ಕಂಪ್ಯೂಟರು ಬೇಕು, ಇವುಗಳ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಬೇಕು. ಆ ಪ್ರಯಾಣದ ಆಯಾಮವನ್ನು ಯಾರೂ ಅಳೆದಿಲ್ಲ. ಅಂತೂ ಕೆಮರಾ ಬಂತು. ಇಮೇಜ್‌ಜೆ ಎಂಬ ತಂತ್ರಾಂಶವನ್ನು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯವರು ಪುಕ್ಕಟೆ ಕೊಡುತ್ತಾರೆ, ಅದರಲ್ಲಿ ಚೌಕ ಎಣಿಸುವ ಸೌಲಭ್ಯ ಕೂಡಿಯೇ ಬರುತ್ತದೆ. ನಾನು ಪೆನ್ಸಿಲ್ ಹಿಡಿದು ಒಂದು ಸಂಜೆ ಮಾಡಿದ್ದನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿತು. ಸ್ವಲ್ಪ ಅವಮಾನವೇ ಆಯಿತೆನ್ನಿ.

ಆ ದಿನಗಳಲ್ಲೇ ನಮ್ಮ ತೋಟದ ಕೊನೆಗೌಡ ಬಂದ. 2016ರ ಮಳೆಗಾಲ ಮುಗಿದಿತ್ತು, ಕೊನೆಕೊಯ್ಲಿಗೆ ಇನ್ನೂ ತಿಂಗಳಿತ್ತು. ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ಒಂದು ಮರದಿಂದ ಇನ್ನೊಂದು ಮರಕ್ಕೆ ನೆಲ ಮುಟ್ಟದೆ ಬಾಗಿ ದಾಟುವ ಈತನನ್ನು ನಾನು ಚಡ್ಡಿ ಹಾಕುವ ಕಾಲದಿಂದ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಆತನ ಕೆನ್ನೆಯ ಒಳಗೆ ಬಿಳಿ ಮಚ್ಚೆ. ಖಾರ ತಿಂದರೆ ಉರಿ. ಕವಳವನ್ನು ಅದೇ ಕೆನ್ನೆಯಲ್ಲಿ ಇಟ್ಟುಕೊಂಡು ಮರ ಹತ್ತುವುದು ಅವನ ನಲವತ್ತು ವರ್ಷದ ಅಭ್ಯಾಸ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಅಡಿಕೆ ನಮ್ಮ ಮನೆಯದೇ. ಹಲ್ಲಿನ ವಿಭಾಗದವರು ಚೂರು ತೆಗೆದು ಕಳಿಸಿದರು. ನಮ್ಮ ಮೇಡಂ ನೋಡಿ "ಸೌಮ್ಯ" ಎಂದರು. ಇನ್ನೊಬ್ಬರು "ತೀವ್ರದ ಹತ್ತಿರ" ಎಂದರು. ಇಬ್ಬರೂ ನನಗಿಂತ ಕಡಿಮೆಯವರಲ್ಲ. ನಾನು ನೋಡಿ "ಮಧ್ಯಮ" ಎಂದು ಬರೆದೆ. ನಡುವೆ ಕೂರಬೇಕೆಂಬ ರಾಜಿಯಿಂದ ಬರೆದದ್ದಲ್ಲ, ನನಗೆ ಹಾಗೇ ಕಂಡಿತ್ತು. ಆದರೆ ಮೂವರ ಮೂರು ಪದಗಳನ್ನು ಎದುರಿಗಿಟ್ಟುಕೊಂಡು ಕೂತಾಗ, ಈ ಮನುಷ್ಯನ ಕೆನ್ನೆಯನ್ನು ಎಷ್ಟು ಅಗಲ ಕೊಯ್ಯಬೇಕು ಎಂಬುದು ನಮ್ಮ ಕಣ್ಣುಗಳ ಜಗಳದಲ್ಲಿ ತೀರ್ಮಾನವಾಗಬಾರದು ಎನಿಸಿತು.

ರಾತ್ರಿ ಕೂತು ಅವನ ಗಡಿಯನ್ನು ಅಳೆದೆ. ಪಕ್ಕದಲ್ಲಿ ಹೋಲಿಸಲು ಬೀರುವಿನಿಂದ ಹಳೆಯ ಸ್ಲೈಡುಗಳನ್ನೂ ತೆಗೆದೆ: ಏನೂ ಆಗದವರದು, ಕ್ಯಾನ್ಸರ್ ಆದವರದು, ನಡುವಿನವರದು. ಒಂದು ರಾತ್ರಿಗೆ ಮುಗಿಯುವ ಕೆಲಸವಾಗಿರಲಿಲ್ಲ, ವಾರ ಹಿಡಿಯಿತು. ಲ್ಯಾಂಡಿನಿ ಹೇಳಿದ್ದು ನಿಜ. ಒಳ್ಳೆಯ ಗಡಿಗಳ ಅಂಕಿ ಕೆಳಗೆ ಕೂತಿತು, ಕ್ಯಾನ್ಸರಿನದು ಮೇಲೆ. ಆದರೆ ಆ ಎರಡು ತುದಿಗಳನ್ನು ನನ್ನ ಕಣ್ಣು ಯಂತ್ರವಿಲ್ಲದೆಯೇ ಹೇಳುತ್ತಿತ್ತು. ನನಗೆ ನೆರವು ಬೇಕಿದ್ದದ್ದು ನಡುವಿನ ರಾಶಿಗೆ. ಅಲ್ಲಿ ಸೌಮ್ಯದ ಕೆಲವು ತೀವ್ರಕ್ಕಿಂತ ಮೇಲೆ, ತೀವ್ರದ ಕೆಲವು ಸೌಮ್ಯಕ್ಕಿಂತ ಕೆಳಗೆ. ಗುಂಪಿನ ಸರಾಸರಿ ಏರುತ್ತ ಹೋಗುವುದು ಒಂದು ಮಾತು, ಎದುರಿಗಿರುವ ಒಬ್ಬನ ಚೂರು ಯಾವ ಮೆಟ್ಟಿಲ ಮೇಲಿದೆ ಎಂದು ಹೇಳುವುದು ಇನ್ನೊಂದು.

ಅಂಕಿಯೂ ಅಂಥ ಗಟ್ಟಿ ಪಿಂಡವಲ್ಲ. ಚಿತ್ರವನ್ನು ಕಪ್ಪು-ಬಿಳುಪು ಮಾಡುವಾಗ ಎಷ್ಟು ನೀಲಿಯನ್ನು ಕಪ್ಪೆಂದು ಎಣಿಸಬೇಕು ಎಂಬುದನ್ನು ನಾನೇ ಹೇಳಬೇಕು. ಆ ಗುಂಡಿಯನ್ನು ಕೊಂಚ ತಿರುಗಿಸಿದರೆ ದಶಾಂಶದ ನಂತರದ ಅಂಕಿ ಬದಲಾಗುತ್ತದೆ. ಬಣ್ಣದ ತೊಟ್ಟಿಯಲ್ಲಿ ಸ್ಲೈಡು ಎರಡು ನಿಮಿಷ ಹೆಚ್ಚು ಮುಳುಗಿದ್ದರೆ ಬದಲಾಗುತ್ತದೆ. ಮೇಣದಲ್ಲಿ ಹುದುಗಿಸಿದ ಚೂರನ್ನು ನಾಲ್ಕೈದು ಮೈಕ್ರಾನು ದಪ್ಪಕ್ಕೆ ಕೊಯ್ಯುವಾಗ ಅಲಗು ಓರೆಯಾದರೆ, ಕೆಳಗಿಳಿದ ಬೆರಳುಗಳು ಅಡ್ಡಡ್ಡ ಕತ್ತರಿಸಿಹೋಗಿ ದ್ವೀಪಗಳಂತೆ ಕಾಣುತ್ತವೆ. ನನ್ನ ಕಣ್ಣು "ಇದು ಓರೆ ಕೊಯ್ತ" ಎಂದು ಅದನ್ನು ಬಿಟ್ಟುಕೊಡುತ್ತದೆ. ಯಂತ್ರ ಬಿಟ್ಟುಕೊಡುವುದಿಲ್ಲ, ಎಣಿಸುತ್ತದೆ. ಇನ್ನೊಂದು ಮೂಲದ ತೊಡಕೂ ಇದೆ. ಗಣಿತದ ಗೆರೆ ಎಷ್ಟು ಚಿಕ್ಕ ಚೌಕಕ್ಕೆ ಇಳಿದರೂ ಅಂಕುಡೊಂಕಾಗಿಯೇ ಇರುತ್ತದೆ. ಅಂಗಾಂಶ ಹಾಗಲ್ಲ. ಸ್ವಲ್ಪ ಇಳಿದರೆ ಒಂದೇ ಜೀವಕೋಶ ಎದುರಾಗುತ್ತದೆ, ಇನ್ನೂ ಇಳಿದರೆ ಕೆಮರಾದ ಚುಕ್ಕಿಗಳು. ಮೇಲೆ ಹೋದರೆ ಚೂರೇ ಮುಗಿದುಹೋಗುತ್ತದೆ. ನಡುವೆ ಒಂದಿಷ್ಟು ದೂರ ಮಾತ್ರ ಚುಕ್ಕಿಗಳು ಓರೆ ಗೆರೆಯ ಮೇಲೆ ನಿಲ್ಲುತ್ತವೆ. 1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲೇ ನಾಲ್ವರು ವಿಜ್ಞಾನಿಗಳು ಈ ಬಗ್ಗೆ ಚುಚ್ಚಿ ಬರೆದಿದ್ದರು: ಫ್ರ್ಯಾಕ್ಟಲ್ ಎಂದು ಘೋಷಿಸಿದ ವಸ್ತುಗಳಲ್ಲಿ ಹೆಚ್ಚಿನವನ್ನು ಅಳೆದಿರುವ ವ್ಯಾಪ್ತಿ ಹತ್ತು ಪಟ್ಟು, ಇಪ್ಪತ್ತು ಪಟ್ಟಿನ ಸುಮಾರಿನದು, ಅಷ್ಟಕ್ಕೇ ಪ್ರಕೃತಿಯೆಲ್ಲ ಫ್ರ್ಯಾಕ್ಟಲ್ ಎನ್ನಬಹುದೇ ಎಂದು. ಅಳತೆಯೇ ಬೇಡ ಎಂದು ನಾನು ಇದರಿಂದ ತೀರ್ಮಾನಿಸಲಿಲ್ಲ. ಒಂದೇ ಲ್ಯಾಬು, ಒಂದೇ ಬಣ್ಣ, ಒಂದೇ ಮಸೂರ, ಒಂದೇ ಕೈ ಇದ್ದರೆ ಹೋಲಿಕೆಗೆ ಅಂಕಿ ಒಳ್ಳೆಯದು. ಊರೂರಿಗೆ ಒಯ್ಯುವ ಸೇರು-ಪಾವು ಅದಲ್ಲ.

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ ಸ್ಲೈಡು ಬೇರೆ ಒಂದು. ಅಡಿಕೆ ಜಗಿಯುವವರಲ್ಲಿ ಬರುವ ಇನ್ನೊಂದು ರೋಗ ಉಂಟು, ಸಬ್‌ಮ್ಯೂಕಸ್ ಫೈಬ್ರೋಸಿಸ್. ಒಳಪೊರೆಯ ಕೆಳಗೆ ನಾರು ಗಟ್ಟಿಕಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಗುಟ್ಕಾ ಬಂದ ಮೇಲೆ ಇಪ್ಪತ್ತರ ಹುಡುಗರು ಎರಡು ಬೆರಳು ಹೋಗದ ಬಾಯಿ ಹೊತ್ತು ಬರುವುದನ್ನು ನೋಡಿದ್ದೇನೆ. ಕ್ಯಾನ್ಸರಿಗೆ ತಿರುಗಬಹುದಾದ ರೋಗ ಇದು. ಆದರೆ ಇದರಲ್ಲಿ ಹೊರಪದರ ತೆಳ್ಳಗಾಗಿ ಬೆರಳುಗಳೆಲ್ಲ ಸವೆದು, ಗಡಿ ಇಸ್ತ್ರಿ ಹಾಕಿದಂತೆ ನೇರವಾಗುತ್ತದೆ. ಅಳೆದರೆ ಅಂಕಿ ಒಂದರ ಹತ್ತಿರಕ್ಕೆ ಇಳಿಯುತ್ತದೆ, ಆರೋಗ್ಯವಂತನಿಗಿಂತಲೂ ಕೆಳಗೆ! ಅಂಕಿ ಇಳಿದಿದೆ ಎಂದು ಇವರ್ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಹೋದರೆ? ಸಕ್ಕರೆಯ ಅಂಕಿಯಂತೆ ಇದು ಒಂದೇ ದಿಕ್ಕಿಗೆ ಓದುವ ಅಂಕಿಯಲ್ಲ. ಗಡಿ ಕೆಡುವುದಕ್ಕೆ ಎರಡು ದಾರಿ. ಒಂದರಲ್ಲಿ ಅದು ಹುಚ್ಚೆದ್ದು ಕುಣಿಯುತ್ತದೆ, ಇನ್ನೊಂದರಲ್ಲಿ ಸತ್ತಂತೆ ಮಲಗುತ್ತದೆ.

ವಾರ ಕಳೆದು ಕೊನೆಗೌಡ ಫಲಿತಾಂಶ ಕೇಳಲು ಬಂದಾಗ ಅವನನ್ನು ಒಳಗೆ ಕರೆದು ಕಂಪ್ಯೂಟರಿನ ಎದುರು ಕೂರಿಸಿದೆ. ರೋಗಿಗೆ ಸ್ಲೈಡು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಇವನಿಗೆ ತೋರಿಸಬೇಕೆನಿಸಿತು.

"ಇದು ನನ್ನ ಕೆನ್ನೆಯಾ, ಸಣ್ಣ ಹೆಗಡೇರೇ?"

"ಹೌದು ಮಾರಾಯ. ಮೇಲಿನ ನೀಲಿ ಪದರ ಇದೆಯಲ್ಲ, ಅದು ಕೆಟ್ಟಿದೆ. ಕೆಳಗಿನ ಗುಲಾಬಿ ಒಳ್ಳೆಯ ಮಾಂಸ. ನಡುವೆ ಈ ಗೆರೆ ನೋಡು, ಹೇಗೆ ಅಂಕುಡೊಂಕಾಗಿದೆ."

ಅವನು ಬಹಳ ಹೊತ್ತು ನೋಡಿದ. ಸಣ್ಣ ಕಣ್ಣು ಮಾಡಿಕೊಂಡು, ಮರದ ಬುಡದಲ್ಲಿ ನಿಂತು ಕೊನೆ ಬಲಿತಿದೆಯೋ ಎಂದು ನೋಡುತ್ತಾನಲ್ಲ, ಹಾಗೆ. ನಾನು ಅಷ್ಟರಲ್ಲಿ ಅಂಕುಡೊಂಕನ್ನು ಅಳೆಯುವ ಲೆಕ್ಕವನ್ನು ಹೇಳಲು ಹೊರಟಿದ್ದೆ. ಅವನಿಗೆ ಅದು ಬೇಕಿರಲಿಲ್ಲ.

"ಬದು ಡೊಂಕಾದ್ರೆ ಡೊಂಕಾಗ್ಲಿ. ಒಡದದ್ಯೋ ಇಲ್ವೋ, ಅದಷ್ಟು ಹೇಳಿ."

ತೋಟದಲ್ಲಿ ಬದು ಅಂಕುಡೊಂಕಾಗಿದ್ದರೆ ಯಾರಿಗೂ ಚಿಂತೆಯಿಲ್ಲ. ಒಡೆದರೆ ಮಾತ್ರ ಮೇಲಿನ ನೀರು ಕೆಳಗಿನ ತೋಟಕ್ಕೆ ನುಗ್ಗುತ್ತದೆ. ನಮ್ಮ ಶಾಸ್ತ್ರವೂ ಹೇಳುವುದು ಇದನ್ನೇ. ಹೊರಪದರದ ತಳದಲ್ಲಿ ಒಂದು ತೆಳುವಾದ ಪೊರೆ ಇದೆ. ಅದು ಇಡಿಯಾಗಿರುವವರೆಗೆ ಎಷ್ಟು ಕೆಟ್ಟಿದ್ದರೂ ಅದು ಕ್ಯಾನ್ಸರಲ್ಲ. ದಾಟಿದ ದಿನ ಕ್ಯಾನ್ಸರ್. ದಾಟಿದ್ದು ಒಂದೇ ಕಡೆ, ಕೂದಲೆಳೆಯಷ್ಟು ಜಾಗದಲ್ಲಾದರೂ ಆಯಿತು. ಇಡೀ ಗಡಿಯ ಚೌಕಗಳನ್ನು ಎಣಿಸಿ ತೆಗೆದ ಸರಾಸರಿಯಲ್ಲಿ ಆ ಒಂದು ತೂತು ಕಾಣಿಸುವುದೇ ಇಲ್ಲ. ಅದನ್ನು ಹುಡುಕಲು ಸ್ಲೈಡನ್ನು ಈ ತುದಿಯಿಂದ ಆ ತುದಿಗೆ, ಬದುವಿನ ಮೇಲೆ ನಡೆದು ನೋಡಿದಂತೆ, ತಾಳ್ಮೆಯಿಂದ ನೋಡಬೇಕು. ನಾವು ಮೂವರೂ ನೋಡಿದ್ದೆವು. ದರ್ಜೆಯ ಬಗ್ಗೆ ಎಷ್ಟು ಜಗಳವಾಡಿದರೂ ಈ ಒಂದು ಮಾತಿನಲ್ಲಿ ಮೂವರದೂ ಒಂದೇ ಅಭಿಪ್ರಾಯವಿತ್ತು.

"ಒಡೆದಿಲ್ಲ" ಎಂದೆ.

"ಹಂಗಾರೆ ಸೈ."

"ಸೈ ಅಲ್ಲ. ನೀನು ಹೊಗೆಸೊಪ್ಪು ಬಿಡಬೇಕು. ಅಡಿಕೆಯನ್ನೂ."

ಮೊದಲನೆಯದಕ್ಕೆ ತಲೆ ಹಾಕಿದ. ಎರಡನೆಯದಕ್ಕೆ ನನ್ನ ಮುಖವನ್ನೇ ನೋಡಿದ. "ನಿಮ್ಮನೆ ಅಡಕೆನಾ?" ಎಂದು ಕೇಳಿದ. ತಮಾಷೆಗೆ ಕೇಳಿದನೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಬರೆಯಿತು. ನಾನು ಓದಿದ್ದು ಅಡಿಕೆಯ ದುಡ್ಡಿನಲ್ಲಿ. ನನ್ನ ಮೈಕ್ರೊಸ್ಕೋಪಿನ ಮೊದಲ ಪಾಠದ ಫೀಸು ಒಂದು ಚೀಲ ರಾಶಿ ಅಡಿಕೆ. ವರದಿಯ ವಿಷಯವನ್ನು ಒಮ್ಮೆ ಅಪ್ಪನಿಗೆ ಹೇಳಿದ್ದೆ. ಅಪ್ಪ ಕವಳದ ತಟ್ಟೆಯಿಂದ ಎಲೆ ತೆಗೆದು ನಾರು ಬಿಡಿಸುತ್ತ, "ತಮಾ, ಅಡಕೆ ಎಂತದೂ ಮಾಡ್ತಿಲ್ಲೆ. ಮಾಡದು ಹೊಗೆಸೊಪ್ಪು. ನಮ್ಮ ಅಜ್ಜ ಎಂಬತ್ತೆಂಟು ವರ್ಷ ಬದುಕಿದ್ದ, ಕೊನೇ ದಿನವೂ ಕವಳ ಹಾಕಿದ್ದ" ಎಂದ. ಅಜ್ಜನ ಎಂಬತ್ತೆಂಟು ಒಂದು ಅಂಕಿ. ಅದರ ಎದುರು ನನ್ನ ಯಾವ ಲೆಕ್ಕವೂ ನಿಲ್ಲಲಿಲ್ಲ. ಆ ವರ್ಷ ದರ ಏರಿದಾಗ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ನನಗೂ ಆಯಿತು.

ಕೊನೆಗೌಡನ ಮಚ್ಚೆಯನ್ನು ಸುತ್ತಲಿನ ಒಳ್ಳೆಯ ಪೊರೆಯ ಒಂದು ಅಂಚಿನೊಂದಿಗೆ ಪೂರ್ತಿ ತೆಗೆದರು. ತೆಗೆದ ಚೂರನ್ನು ಸಾಲಾಗಿ ಕೊಯ್ದು ಎಲ್ಲವನ್ನೂ ನೋಡಿದೆ. ಬದು ಎಲ್ಲಿಯೂ ಒಡೆದಿರಲಿಲ್ಲ. ಆಮೇಲೆ ಆರು ತಿಂಗಳಿಗೊಮ್ಮೆ ಬಂದು ಬಾಯಿ ತೋರಿಸಿ ಹೋಗುತ್ತಿದ್ದ. ಎರಡು ಸಲ ಸಣ್ಣ ಚೂರು ತೆಗೆಯಬೇಕಾಯಿತು. ಅದೇ ಮಸೂರ, ಅದೇ ಬಣ್ಣ, ನನ್ನದೇ ಕೈ ಇದ್ದದ್ದರಿಂದ ಎರಡನ್ನೂ ಅಳೆದು ಮೊದಲಿನದರ ಪಕ್ಕ ಇಟ್ಟೆ. ಅಂಕಿ ಏರಿರಲಿಲ್ಲ. ವರದಿಯಲ್ಲಿ ಅದನ್ನು ಬರೆಯಲಿಲ್ಲ, ಬರೆಯುವ ಅಂಕಣವೇ ನಮ್ಮ ನಮೂನೆಯಲ್ಲಿಲ್ಲ. ನನ್ನ ನೋಟುಬುಕ್ಕಿನಲ್ಲಿ ದಿನಾಂಕದೊಂದಿಗೆ ಇದೆ.

ಈಗ ಅವನು ಮರ ಹತ್ತುವುದಿಲ್ಲ. ಕೆಲವು ವರ್ಷಗಳಿಂದ ತೋಟಗಳಿಗೆ ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾನೆ, ಮಗ ಕೆಳಗೆ ಹಿಡಿಯುತ್ತಾನೆ. ಹೋದ ಸುಗ್ಗಿಯಲ್ಲಿ ಊರಿಗೆ ಹೋದಾಗ ಮಾತಾಡಿಸಿದೆ. ಬಾಯಿ ತೆರೆದು ತಾನಾಗಿಯೇ ಕೆನ್ನೆಯನ್ನು ಬೆರಳಿನಿಂದ ಹೊರಳಿಸಿ ತೋರಿಸಿದ. ನುಣುಪಾಗಿತ್ತು. ಹಲ್ಲು ಮಾತ್ರ ಕೆಂಪಗಿತ್ತು.

"ಹೊಗೆಸೊಪ್ಪು ಇಲ್ಲ, ಸತ್ಯಕ್ಕೂ" ಎಂದ, ನಾನು ಕೇಳುವ ಮೊದಲೇ.

ಅಷ್ಟರಲ್ಲಿ ಮನೆಯಿಂದ ಅಮ್ಮ, ಕೆಲಸದವರಿಗೆಲ್ಲ ಆಸರಿಗೆ ಆಯಿತು ಬನ್ನಿ ಎಂದು ಕೂಗಿದಳು. ಜಗುಲಿಯ ಮೇಲೆ ಮಜ್ಜಿಗೆಯ ತಂಬಿಗೆ ಇತ್ತು. ಪಕ್ಕದಲ್ಲಿ, ಎಂದಿನಂತೆ, ಕವಳದ ತಟ್ಟೆ.